ಸೌರಕಲೆ ಎಣಿಸಿ ಮಳೆ ಹೇಳುವ ಚಂದಾ ಸೇವೆ: ಒಂದು ಮುಂಗಾರಿನ ಬಳಿಕ ವಿಮರ್ಶೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಬೆಳೆಗಾರರಲ್ಲಿ ಹಲವರು 2025ರ ಮುಂಗಾರಿಗೆ ಮೊದಲು ಒಂದು ಖಾಸಗಿ ಮಳೆ ಮುನ್ಸೂಚನೆ ಸೇವೆಗೆ ಚಂದಾ ಕಟ್ಟಿದ್ದರು, ನಾನೂ ಅವರಲ್ಲೊಬ್ಬ. ಸೂರ್ಯನ ಮೇಲಿನ ಕಲೆಗಳನ್ನು ಎಣಿಸಿ, ಅವುಗಳ ಏರಿಳಿತದ ಆಧಾರದಲ್ಲಿ ನಮ್ಮ ಪಂಚಾಯತಿನ ಮಳೆಯನ್ನು ತಿಂಗಳುಗಟ್ಟಲೆ ಮೊದಲೇ ಹೇಳುತ್ತೇವೆ ಎಂಬುದು ಆ ಸೇವೆಯ ಹೆಗ್ಗಳಿಕೆ. ಚಂದಾ ವರ್ಷಕ್ಕೆ 1,200 ರೂಪಾಯಿ. ಅದಕ್ಕೆ ಪ್ರತಿಯಾಗಿ ಏಪ್ರಿಲಿನಲ್ಲಿ ಒಂದು ಮುದ್ರಿತ ಪುಸ್ತಿಕೆ, ಮಳೆಗಾಲ ಮುಗಿಯುವ ತನಕ ಹದಿನೈದು ದಿನಕ್ಕೊಮ್ಮೆ ವಾಟ್ಸಾಪಿನಲ್ಲಿ ಒಂದು ಮಳೆಪತ್ರ, ಒಂದು ಪ್ಲಾಸ್ಟಿಕ್ ಮಳೆಮಾಪಕ ಮತ್ತು ದಿನವಹಿ ಮಳೆ ಬರೆದಿಡಲು ಗೆರೆ ಹಾಕಿದ ಒಂದು ನೋಟು ಪುಸ್ತಕ ಸಿಗುತ್ತವೆ. ಇವುಗಳಲ್ಲಿ ಯಾವುದಕ್ಕೆ ಹಣ ಕೊಡಬಹುದು, ಯಾವುದಕ್ಕೆ ಕೊಡಬಾರದು ಎಂಬುದನ್ನು ಹೇಳುವುದಷ್ಟೇ ಈ ಬರಹದ ಉದ್ದೇಶ.

ಇಂಥ ಸೇವೆಗೆ ನಮ್ಮಲ್ಲಿ ಗಿರಾಕಿಗಳು ಸಿಗುವುದು ಆಶ್ಚರ್ಯದ ವಿಷಯವಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದುಹೋಗುವ ಈ ಜಿಲ್ಲೆಯಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ದಿನವನ್ನು ಸರಿಯಾಗಿ ಆರಿಸುವುದೇ ತೋಟದವನ ಮಳೆಗಾಲದ ಅರ್ಧ ಚಿಂತೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಗೊನೆಗೆ ಅಂಟಿ ಒಣಗಬೇಕಾದರೆ ಕೆಲವು ಗಂಟೆಗಳ ಹೊಳವು, ಎಂದರೆ ಮಳೆಯ ಬಿಡುವು, ಬೇಕು. ಮೊದಲ ಸಿಂಪಡಣೆ ಮುಂಗಾರು ಕಾಲಿಡುವ ಮೊದಲೇ ಆಗಬೇಕು, ಎರಡನೆಯದು ನಲವತ್ತು ನಲವತ್ತೈದು ದಿನ ಕಳೆದು. ಮದ್ದು ಬಿಡುವವರು ಸಿಗುವುದು ಅವರ ಬಿಡುವಿಗೆ, ಹೊಳವು ಸಿಗುವುದು ಆಕಾಶದ ಮರ್ಜಿಗೆ. ಇವೆರಡೂ ಒಂದೇ ದಿನ ಕೂಡಿಬರುವುದನ್ನು ಯಾರಾದರೂ ತಿಂಗಳ ಮೊದಲೇ ಹೇಳುತ್ತಾರೆಂದರೆ 1,200 ರೂಪಾಯಿ ದೊಡ್ಡದಲ್ಲ. ಇನ್ನೊಂದು ಕಾರಣವೂ ಇದೆ. ನಮ್ಮ ಜಿಲ್ಲೆಗೆ ಬರುವ ಎಚ್ಚರಿಕೆಗಳು ಹೆಚ್ಚಾಗಿ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ ಕೈಸೇರುತ್ತವೆ. ಈ ಸೇವೆಯ ಎಲ್ಲ ಸಾಹಿತ್ಯವೂ ಕನ್ನಡದಲ್ಲಿದೆ, ಅದೂ ಓದಿದರೆ ತಿಳಿಯುವ ಕನ್ನಡದಲ್ಲಿ. ಅಚ್ಚುಕಟ್ಟಾದ ಅಕ್ಷರ, ಊರುಗಳ ಹೆಸರು ಸರಿಯಾಗಿರುವ ನಕ್ಷೆ, ಫೋನ್ ಮಾಡಿದರೆ ಕನ್ನಡದಲ್ಲೇ ಉತ್ತರಿಸುವ ಸಹಾಯಕರು, ಇಷ್ಟು ಅಂಶಗಳಲ್ಲಿ ನನಗೆ ದೂರಿಲ್ಲ.

ದೂರು ಇರುವುದು ಪುಸ್ತಿಕೆಯ ನಡುಹಾಳೆಯಿಂದ. ಅಲ್ಲಿ ಎರಡು ಪುಟಗಳನ್ನು ತುಂಬಿಕೊಂಡು ಒಂದು ನಕ್ಷೆ ಇದೆ: ಕಿತ್ತಳೆ ಗೆರೆ ಸೌರಕಲೆಗಳ ವಾರ್ಷಿಕ ಸಂಖ್ಯೆ, ನೀಲಿ ಗೆರೆ ನಮ್ಮ ಸೀಮೆಯ ಮಳೆ. ಎರಡೂ ಗೆರೆಗಳು ಅಕ್ಕಪಕ್ಕದಲ್ಲೇ ಏರಿ ಇಳಿಯುವುದನ್ನು ನೋಡಿದರೆ ಯಾರಿಗಾದರೂ ನಂಬಿಕೆ ಹುಟ್ಟುತ್ತದೆ. ಆದರೆ ಕೆಳಗಿನ ಸಣ್ಣಕ್ಷರವನ್ನು ಓದಿದರೆ ನೀಲಿ ಗೆರೆ ಆಯಾ ವರ್ಷದ ಮಳೆಯಲ್ಲ, ಐದು ವರ್ಷಗಳ ಚಲಿಸುವ ಸರಾಸರಿ, ಎಂದರೆ ವರ್ಷ ವರ್ಷವೂ ಮುಂದೆ ಸರಿಯುವ ಐದೈದು ವರ್ಷಗಳ ಸರಾಸರಿ, ಎಂದು ತಿಳಿಯುತ್ತದೆ. ಇದು ಸಣ್ಣ ವಿಷಯವಲ್ಲ. ಯಾವ ಕ್ರಮವೂ ಇಲ್ಲದ ಅಂಕಿಗಳ ಸಾಲನ್ನು ಹೀಗೆ ಸರಾಸರಿ ತೆಗೆದು ನಯಗೊಳಿಸಿದರೂ ಅಲೆಯಂತೆ ಏರಿಳಿಯುವ ಗೆರೆ ತಾನಾಗಿ ಮೂಡುತ್ತದೆ ಎಂಬುದನ್ನು ರಷ್ಯದ ಗಣಿತಜ್ಞ ಯೆವ್ಗೆನಿ ಸ್ಲುಟ್ಸ್ಕಿ 1927ರಲ್ಲೇ ತೋರಿಸಿದ್ದ. ಒಂದು ಅಲೆ ಸೂರ್ಯನದು, ಇನ್ನೊಂದು ಅಲೆ ಲೆಕ್ಕದ ವಿಧಾನದ್ದು. ಎರಡು ಅಲೆಗಳು ಕೆಲವು ದಶಕಗಳ ಕಾಲ ಜೊತೆಯಾಗಿ ಸಾಗುವುದಕ್ಕೆ ಕಾರಣವೇ ಬೇಕಾಗಿಲ್ಲ. ಇದಲ್ಲದೆ, ನಕ್ಷೆಯ ಎಡಭಾಗದಲ್ಲಿ ಕಲೆ ಹೆಚ್ಚಾದಾಗ ಮಳೆಯೂ ಹೆಚ್ಚುತ್ತದೆ, ಬಲಕ್ಕೆ ಬರುವಷ್ಟರಲ್ಲಿ ಮಳೆಯ ಏರು ಎರಡು ವರ್ಷ ಹಿಂದೆ ಬೀಳುತ್ತದೆ. ಅದಕ್ಕೆ ಪುಸ್ತಿಕೆ 'ವಿಳಂಬ ಪರಿಣಾಮ' ಎಂದು ಹೆಸರಿಟ್ಟು ಮುಂದೆ ಸಾಗಿದೆ. ಹೊಂದಿದರೆ ಪರಿಣಾಮ, ಹೊಂದದಿದ್ದರೆ ವಿಳಂಬ ಪರಿಣಾಮ ಎಂದಾದರೆ ಸೋಲುವ ಪ್ರಶ್ನೆಯೇ ಇಲ್ಲ.

ಹಾಗೆಂದು ಸೂರ್ಯನ ಚಟುವಟಿಕೆಗೂ ಮಳೆಗೂ ನಂಟೇ ಇಲ್ಲ ಎಂದು ತಳ್ಳಿಹಾಕುವುದೂ ಸರಿಯಲ್ಲ. ಈ ವಿಷಯಕ್ಕೆ ಒಂದೂವರೆ ಶತಮಾನದ ಗಂಭೀರ ಇತಿಹಾಸವಿದೆ, ಮತ್ತು ಅದರ ದೊಡ್ಡ ಭಾಗ ನಡೆದದ್ದು ನಮ್ಮ ಪ್ರಾಂತ್ಯದಲ್ಲೇ. ಸೌರಕಲೆಗಳು ಸರಿಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ ಎಂಬುದನ್ನು ಜರ್ಮನಿಯ ಹವ್ಯಾಸಿ ವೀಕ್ಷಕ ಹೈನ್ರಿಕ್ ಶ್ವಾಬೆ 1840ರ ದಶಕದಲ್ಲಿ ಹೇಳಿದ; ಈ ಚಕ್ರ ಸರಾಸರಿ ಹನ್ನೊಂದು ವರ್ಷದ್ದೆಂದು ಮುಂದೆ ತಿಳಿಯಿತು. 1876ರಿಂದ 1878ರ ವರೆಗೆ ಮದ್ರಾಸ್ ಪ್ರಾಂತ್ಯವನ್ನೂ ಮೈಸೂರು ಸಂಸ್ಥಾನವನ್ನೂ ಬರ ಹಿಂಡಿದಾಗ ಸೂರ್ಯನ ಮೇಲೆ ಕಲೆಗಳು ಬಹಳ ಕಡಿಮೆಯಿದ್ದವು. ಸರಕಾರದ ಅಂಕಿಅಂಶ ಅಧಿಕಾರಿ ವಿಲಿಯಂ ಹಂಟರ್ ಮದ್ರಾಸಿನ ಮಳೆ ದಾಖಲೆಗಳನ್ನು ಹರಡಿಕೊಂಡು, ಕಲೆ ಕಡಿಮೆಯಾದ ವರ್ಷಗಳಲ್ಲಿ ದಕ್ಷಿಣ ಭಾರತಕ್ಕೆ ಬರ ಬರುತ್ತದೆ ಎಂದು 1877ರಲ್ಲಿ ವಾದಿಸಿದ. ಖಗೋಳ ವಿಜ್ಞಾನಿ ನಾರ್ಮನ್ ಲಾಕಿಯರ್ ಅವನ ಜೊತೆಗೂಡಿದ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1899ರಲ್ಲಿ ಕೊಡೈಕೆನಾಲಿನಲ್ಲಿ ಸೌರ ವೀಕ್ಷಣಾಲಯ ಸ್ಥಾಪನೆಯಾದುದರ ಹಿಂದೆ, ಸೂರ್ಯನ ಬದಲಾವಣೆಯಿಂದ ಮುಂಗಾರಿನ ಗುಟ್ಟು ತಿಳಿದೀತು ಎಂಬ ಈ ಆಸೆಯೂ ಇತ್ತು. ಅಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ತೆಗೆದ ಸೂರ್ಯನ ಛಾಯಾಚಿತ್ರಗಳ ಸಂಗ್ರಹ ಇಂದು ಲೋಕದಲ್ಲೇ ಅಪರೂಪದ್ದು.

ಪುಸ್ತಿಕೆ ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತದೆ, ಅದೂ ಬಹಳ ಹೆಮ್ಮೆಯಿಂದ. ಮುಂದಿನ ಭಾಗ ಅದರಲ್ಲಿಲ್ಲ. 1875ರಲ್ಲಿ ಆರಂಭವಾದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಮುಂಗಾರಿನ ಸುಳಿವನ್ನು ಹುಡುಕಿದ್ದು ಹಿಮಾಲಯದ ಹಿಮದಲ್ಲಿ. 1886ರ ಮೊದಲ ಅಧಿಕೃತ ಮುನ್ಸೂಚನೆಗೆ ಅದೇ ಆಧಾರವಾಯಿತು. 1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಕೇಂಬ್ರಿಡ್ಜಿನ ಗಣಿತಜ್ಞ. ಲೋಕದ ನಾನಾ ಕಡೆಯ ಮಳೆ, ಒತ್ತಡ, ಉಷ್ಣತೆಗಳ ಅಂಕಿಗಳನ್ನು ಸೌರಕಲೆಗಳ ಜೊತೆ ಕೂಡ ತಾಳೆ ನೋಡಿಸಿದ ಅವನಿಗೆ ಆ ನಂಟು ಮುನ್ಸೂಚನೆಗೆ ಒದಗುವಷ್ಟು ಬಲವಾಗಿ ಕಾಣಲಿಲ್ಲ. ಆದರೆ ಅದೇ ಲೆಕ್ಕಗಳ ರಾಶಿಯಲ್ಲಿ ಶಾಂತಸಾಗರದ ಮತ್ತು ಹಿಂದೂ ಮಹಾಸಾಗರದ ಒತ್ತಡಗಳು ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುವುದು ಅವನ ಕಣ್ಣಿಗೆ ಬಿತ್ತು. ಇಂದು ಎಲ್ ನಿನೊ (ಶಾಂತಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದು) ಎಂದು ನಾವು ಪತ್ರಿಕೆಗಳಲ್ಲಿ ಓದುವುದರ ವಾಯುಮಂಡಲದ ಮಗ್ಗುಲು ಅದು. ಸೌರಕಲೆಗಳನ್ನು ನೆಚ್ಚಿಕೊಂಡ ಸೇವೆಯೊಂದು ವಾಕರನ ಹೆಸರನ್ನೇ ಎತ್ತದಿರುವುದು ಮರೆವಿನಿಂದಾದುದು ಎಂದು ನನಗೆ ಅನಿಸುವುದಿಲ್ಲ.

ಈಗ ವಿಜ್ಞಾನದ ಮಾತಿಗೆ ಬರುವುದಾದರೆ, ಮೊದಲು ತಿಳಿಯಬೇಕಾದುದು ಸೂರ್ಯ ಎಷ್ಟು ಬದಲಾಗುತ್ತಾನೆ ಎಂಬುದನ್ನು. ಭೂಮಿಯ ವಾಯುಮಂಡಲದ ಮೇಲ್ತುದಿಯಲ್ಲಿ ಸೂರ್ಯನಿಗೆ ಎದುರಾದ ಪ್ರತಿ ಚದರ ಮೀಟರಿಗೆ ಸುಮಾರು 1,361 ವಾಟ್ ಶಕ್ತಿ ಬಂದು ಸೇರುತ್ತದೆ. ಕಲೆಗಳು ಕನಿಷ್ಠವಿರುವ ಕಾಲಕ್ಕೂ ಗರಿಷ್ಠವಿರುವ ಕಾಲಕ್ಕೂ ಇದರಲ್ಲಿ ಆಗುವ ವ್ಯತ್ಯಾಸ ಶೇಕಡಾ 0.1ರಷ್ಟು, ಎಂದರೆ ಒಂದು ವಾಟಿನ ಆಸುಪಾಸು. ಇದರಿಂದ ಭೂಮಿಯ ಸರಾಸರಿ ಉಷ್ಣತೆಯಲ್ಲಿ ಆಗುವ ಏರಿಳಿತ ಸುಮಾರು 0.1 ಡಿಗ್ರಿ ಸೆಲ್ಸಿಯಸ್. ಇಷ್ಟು ಅಲ್ಪ ಬದಲಾವಣೆ ಒಂದು ಸೀಮೆಯ ಮಳೆಯನ್ನು ಅಲುಗಿಸಬೇಕಾದರೆ ನಡುವೆ ಅದನ್ನು ಹಿಗ್ಗಿಸಿ ಕೊಡುವ ಏನಾದರೂ ಇರಬೇಕು, ಮತ್ತು ವಿಜ್ಞಾನಿಗಳ ಹುಡುಕಾಟವೆಲ್ಲ ಅದಕ್ಕಾಗಿಯೇ.

ಅಂಥ ಮೂರು ದಾರಿಗಳನ್ನು ಅವರು ಮುಂದಿಟ್ಟಿದ್ದಾರೆ. ಮೊದಲನೆಯದು ಮೇಲಿನಿಂದ ಕೆಳಗೆ ಇಳಿಯುವುದು. ಒಟ್ಟು ಬೆಳಕು ಹೆಚ್ಚು ಬದಲಾಗದಿದ್ದರೂ ಅತಿನೇರಳೆ ಕಿರಣಗಳ ಕೆಲವು ಪಟ್ಟಿಗಳು ಶೇಕಡಾ ಹಲವು ಪಾಲು ಏರಿಳಿಯುತ್ತವೆ; ಅವು ಮಳೆಮೋಡಗಳಿಗಿಂತ ಮೇಲಿರುವ ವಾಯುಪದರವಾದ ಸ್ತರಗೋಳದ ಓಝೋನನ್ನೂ ಅಲ್ಲಿನ ಉಷ್ಣತೆಯನ್ನೂ ಬದಲಿಸಿದರೆ ಮೇಲ್ಗಾಳಿಗಳ ನಡೆ ಬದಲಾಗಿ, ಅದರ ನೆರಳು ಕೆಳಗಿನ ವಾಯುಮಂಡಲದ ಮೇಲೆ ಬೀಳಬಹುದು. 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ತನ್ನ ಜಾಗ ಸೇರಿದ, ಸೂರ್ಯನನ್ನು ವೀಕ್ಷಿಸುವ ನಮ್ಮ ಆದಿತ್ಯ ಎಲ್-1 ನೌಕೆಯಲ್ಲಿ 200ರಿಂದ 400 ನ್ಯಾನೋಮೀಟರ್ ತನಕದ ಅತಿನೇರಳೆ ಬೆಳಕನ್ನೇ ಹಿಡಿಯುವ ಒಂದು ದೂರದರ್ಶಕ ಇದೆ. ಪುಸ್ತಿಕೆಯ ರಕ್ಷಾಪುಟದಲ್ಲಿ ಆ ನೌಕೆಯ ಬಣ್ಣದ ಚಿತ್ರವಿದೆ, ಒಳಗೆ ಅದರ ಒಂದು ಅಳತೆಯೂ ಇಲ್ಲ. ಎರಡನೆಯ ದಾರಿ ಕೆಳಗಿನಿಂದ ಮೇಲೆ ಏರುವುದು: ಮೋಡವಿಲ್ಲದ ಉಪೋಷ್ಣ ಸಾಗರಗಳು ಆ ಹೆಚ್ಚುವರಿ ಶಕ್ತಿಯನ್ನು ಹೀರಿಕೊಂಡು ಹೆಚ್ಚು ಆವಿಯನ್ನು ಕೊಡುತ್ತವೆ, ಆ ಆವಿ ಗಾಳಿಯ ಜೊತೆ ಸಾಗಿ ಈಗಾಗಲೇ ಮಳೆ ಬೀಳುವ ಪಟ್ಟಿಗಳಲ್ಲಿ ಮಳೆಯನ್ನು ಇನ್ನಷ್ಟು ಬಲಗೊಳಿಸುತ್ತದೆ ಎಂಬುದು ಅದರ ತರ್ಕ.

ಮೂರನೆಯ ದಾರಿ ವಿಶ್ವಕಿರಣಗಳದು, ಎಂದರೆ ದೂರದ ಆಕಾಶದಿಂದ ಬರುವ ವೇಗದ ಕಣಗಳದು, ಮತ್ತು ನಮ್ಮ ಪುಸ್ತಿಕೆಗೆ ಅತಿ ಪ್ರಿಯವಾದದ್ದು ಇದೇ. ಸೂರ್ಯ ಚುರುಕಾಗಿದ್ದಾಗ ಅವನ ಕಾಂತಕ್ಷೇತ್ರ ಹೊರಗಿನ ವಿಶ್ವಕಿರಣಗಳನ್ನು ತಡೆಯುತ್ತದೆ, ಕಿರಣ ಕಡಿಮೆಯಾದರೆ ನೀರಾವಿ ಅಂಟಿ ಹನಿಯಾಗುವ ಮೋಡದ ಬೀಜಕಣಗಳೂ ಕಡಿಮೆಯಾಗುತ್ತವೆ ಎಂಬ ಊಹೆಯನ್ನು ಡೆನ್ಮಾರ್ಕಿನ ಹೆನ್ರಿಕ್ ಸ್ವೆನ್ಸ್‌ಮಾರ್ಕ್ 1990ರ ದಶಕದಲ್ಲಿ ಪ್ರಸಿದ್ಧಗೊಳಿಸಿದ. ಊಹೆ ಚೆಲುವಾದದ್ದು. ಆದರೆ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 2009ರಿಂದ ದೊಡ್ಡ ಉಕ್ಕಿನ ಕೋಣೆಯೊಂದರಲ್ಲಿ ಇದನ್ನೇ ಪರೀಕ್ಷಿಸುತ್ತ ಬಂದವರಿಗೆ, ಇಂದಿನ ವಾಯುಮಂಡಲದಲ್ಲಿ ವಿಶ್ವಕಿರಣಗಳ ಏರಿಳಿತ ಮೋಡಗಳ ಮೇಲೆ ಬೀರುವ ಪ್ರಭಾವ ಬಹಳ ಚಿಕ್ಕದೆಂದು ಕಂಡಿದೆ. ಅದಲ್ಲದೆ ನಮ್ಮ ಕರಾವಳಿಯ ಮುಂಗಾರಿಗೆ ಬೀಜಕಣಗಳ ಕೊರತೆ ಇರುವುದೇ ಇಲ್ಲ. ಅರಬ್ಬೀ ಸಮುದ್ರದ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ಬಂದು ಅಡರಿ ಮೇಲೇರುವ ಊರು ನಮ್ಮದು. ಗಾಳಿ ಎಷ್ಟು ಬಿರುಸು, ತೀರದಾಚೆ ಒತ್ತಡದ ತಗ್ಗು ಎಲ್ಲಿದೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎದ್ದಿದೆಯೇ ಎಂಬುದರ ಮೇಲೆ ಬದಿಯಡ್ಕದ ಮಳೆ ನಿಂತಿದೆ.

ಈ ಸೇವೆಯವರು ತಮ್ಮ ಬೆನ್ನಿಗೆ ಇಟ್ಟುಕೊಂಡಿರುವ ಒಂದು ಅಧ್ಯಯನ ಮಾತ್ರ ನಿಜವಾಗಿಯೂ ತೂಕದ್ದು. ಬೆಂಗಳೂರಿನ ಹೆಸರಾಂತ ವಿಜ್ಞಾನಿ ರೊದ್ದಂ ನರಸಿಂಹ ಅವರು ಸುಬರ್ಣ ಭಟ್ಟಾಚಾರ್ಯ ಅವರೊಡನೆ 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ, 1871ರಿಂದ ಲಭ್ಯವಿರುವ ಭಾರತದ ಮುಂಗಾರು ದಾಖಲೆಗಳನ್ನು ವೇವ್‌ಲೆಟ್ ಎಂಬ ಗಣಿತ ವಿಧಾನದಿಂದ ಪರೀಕ್ಷಿಸಿ, ಸೌರ ಚಟುವಟಿಕೆ ಹೆಚ್ಚಿದ್ದ ಕಾಲಾವಧಿಯಲ್ಲಿ ಸರಾಸರಿ ಮಳೆಯೂ ಹೆಚ್ಚಿತ್ತು ಎಂದು ತೋರಿಸಿದ್ದಾರೆ. ಒಮಾನಿನ ಗುಹೆಯೊಂದರಲ್ಲಿ ಹನಿಹನಿಯಾಗಿ ಬೆಳೆದ ಸುಣ್ಣದ ಕಂಬವನ್ನು ಪದರ ಪದರವಾಗಿ ಓದಿದ 2001ರ ಅಧ್ಯಯನವೂ, ಒಂಬತ್ತು ಸಾವಿರದಿಂದ ಆರು ಸಾವಿರ ವರ್ಷಗಳ ಹಿಂದಿನ ಮುಂಗಾರು ಸೂರ್ಯನ ಏರಿಳಿತದ ಜೊತೆ ಹೆಜ್ಜೆ ಹಾಕಿತ್ತೆಂದು ಹೇಳುತ್ತದೆ. ಕೇರಳದ ಮಳೆ ದಾಖಲೆಗಳ ಮೇಲೂ ಇಂಥ ವಿಶ್ಲೇಷಣೆಗಳು ನಡೆದಿವೆ. ಇವುಗಳನ್ನು ನಾನು ಗೌರವದಿಂದಲೇ ಓದುತ್ತೇನೆ. ಆದರೆ ಇವು ಮಾತಾಡುವುದು ಅನೇಕ ದಶಕಗಳ ಸರಾಸರಿಯ ಬಗ್ಗೆ, ವಿಶಾಲ ಭೂಭಾಗದ ಬಗ್ಗೆ. ಮುಂದಿನ ಜುಲೈ ಎರಡನೇ ವಾರದಲ್ಲಿ ಎಣ್ಮಕಜೆ ಪಂಚಾಯತಿನಲ್ಲಿ ಹೊಳವು ಇದೆಯೇ ಎಂಬ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿಲ್ಲ, ಇದೆಯೆಂದು ಆ ವಿಜ್ಞಾನಿಗಳು ಹೇಳಿದ್ದೂ ಇಲ್ಲ. ನಾಡಿನ ಮೂರು ದಶಕಗಳ ಸರಾಸರಿಯಿಂದ ಒಂದು ತೋಟದ ಹದಿನೈದು ದಿನಕ್ಕೆ ಜಿಗಿದದ್ದು ಈ ಸೇವೆಯ ಸ್ವಂತ ಸಾಹಸ.

ಸರಾಸರಿಯ ಮಾತನ್ನು ಬಿಟ್ಟು ಬಿಡಿ ವರ್ಷಗಳನ್ನು ನೋಡಿದರೆ ಈ ಸಾಹಸ ಎಷ್ಟು ಅಪಾಯದ್ದೆಂದು ತಿಳಿಯುತ್ತದೆ. 1917ರಲ್ಲಿ ಸೌರಕಲೆಗಳು ಗರಿಷ್ಠ ಮಟ್ಟ ಮುಟ್ಟಿದವು, ದೇಶದಲ್ಲಿ ಭರ್ಜರಿ ಮಳೆಯಾಯಿತು. ಸೂರ್ಯ ಇನ್ನೂ ಚುರುಕಾಗಿಯೇ ಇದ್ದ ಮರುವರ್ಷ, 1918ರಲ್ಲಿ, ಶತಮಾನದ ಭೀಕರ ಬರಗಳಲ್ಲೊಂದು ಬಿತ್ತು. ಇತ್ತೀಚಿನದೇ ಬೇಕಾದರೆ, ಕಲೆಗಳು ಹೆಚ್ಚಿದ್ದ 2002ರಲ್ಲಿ ಬರ, ಕಲೆಗಳು ಹೆಚ್ಚುಕಡಿಮೆ ಮಾಯವಾಗಿದ್ದ 2009ರಲ್ಲೂ ಬರ. ಮತ್ತೆ ಗರಿಷ್ಠ ಬಂದ 2014ರಲ್ಲಿ ದೇಶದ ಮುಂಗಾರು ದೀರ್ಘಾವಧಿ ಸರಾಸರಿಯ ಶೇಕಡಾ 88. ಕನಿಷ್ಠವಿದ್ದ 2019ರಲ್ಲಿ ಶೇಕಡಾ 110. ಗರಿಷ್ಠದ ಸಮೀಪವಿದ್ದ 2023ರಲ್ಲಿ ಎಲ್ ನಿನೊ ತಲೆಯೆತ್ತಿ, ದೇಶ 1901ರಿಂದೀಚೆಗಿನ ಅತಿ ಒಣ ಆಗಸ್ಟನ್ನು ಕಂಡಿತು, ಕೇರಳದ ಮುಂಗಾರಿನಲ್ಲಿ ಮೂರನೇ ಒಂದು ಭಾಗ ಕೊರತೆಯಾಯಿತು. ಗರಿಷ್ಠವೇ ಆದ 2024ರಲ್ಲಿ ದೇಶಕ್ಕೆ ಶೇಕಡಾ 108ರಷ್ಟು ಮಳೆ ಬಂತು. ಎಲ್ಲಕ್ಕಿಂತ ಮೇಲಾಗಿ 2018 ಇದೆ. ಆ ವರ್ಷ ಇಡೀ ದೇಶದ ಮುಂಗಾರು ಶೇಕಡಾ 91ಕ್ಕೆ ಇಳಿದಿತ್ತು, ಕೇರಳ ಮಾತ್ರ ವಾಡಿಕೆಗಿಂತ ಶೇಕಡಾ 23 ಹೆಚ್ಚು ಮಳೆ ಸುರಿದು ಆಗಸ್ಟಿನಲ್ಲಿ ಮುಳುಗಿತು. ಎರಡಕ್ಕೂ ಸೂರ್ಯ ಒಬ್ಬನೇ. ಅವನ ಕಲೆಗಳಿಂದಲೇ ಪ್ರದೇಶವಾರು ಮಳೆಯನ್ನು ಹೇಳಹೊರಟವರು ಮೊದಲು ಉತ್ತರಿಸಬೇಕಾದುದು ಆ ವರ್ಷಕ್ಕೆ. ಪುಸ್ತಿಕೆಯ ನಕ್ಷೆಯಲ್ಲಿ ಐದು ವರ್ಷಗಳ ಸರಾಸರಿಯೊಳಗೆ 2018 ಸದ್ದಿಲ್ಲದೆ ಕರಗಿಹೋಗಿದೆ.

ಇಂಥ ನಂಟುಗಳು ಕೈಕೊಡುವುದಕ್ಕೆ ಹಳೆಯ ಉದಾಹರಣೆಯೊಂದು ಆಫ್ರಿಕದಲ್ಲಿದೆ. ವಿಕ್ಟೋರಿಯಾ ಸರೋವರದ ನೀರಿನ ಮಟ್ಟ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1920ರ ದಶಕದ ತನಕ ಸೌರಕಲೆಗಳ ಜೊತೆ ಬಹಳ ಚೆನ್ನಾಗಿ ಹೊಂದಿಕೊಂಡು ಏರಿಳಿಯುತ್ತಿತ್ತು. ಮುಂದೆ ಅದನ್ನು ನಂಬಿ ಹೇಳಿದ್ದೆಲ್ಲ ಸುಳ್ಳಾಯಿತು.

ಹದಿನೈದು ದಿನಕ್ಕೊಮ್ಮೆ ಬರುವ ಮಳೆಪತ್ರದ ವಿಚಾರಕ್ಕೆ ಬಂದರೆ, ಅದರ ಮೇಲ್ಭಾಗದಲ್ಲಿ ಆ ದಿನದ ಸೌರಕಲೆಗಳ ಸಂಖ್ಯೆ ದಪ್ಪ ಅಕ್ಷರದಲ್ಲಿರುತ್ತದೆ. ಇದು ಅವರ ಸ್ವಂತ ಎಣಿಕೆಯಲ್ಲ. ಬ್ರಸೆಲ್ಸಿನ ಬೆಲ್ಜಿಯಂ ರಾಜ ವೀಕ್ಷಣಾಲಯ ಲೋಕದ ಹಲವು ವೀಕ್ಷಕರಿಂದ ತರಿಸಿ ಪ್ರಕಟಿಸುವ ಸಂಖ್ಯೆ, ಬೇಕಾದವರಿಗೆ ಪುಕ್ಕಟೆ ಸಿಗುವಂಥದ್ದು. ಕೆಳಗೆ 'ಭಾರಿ', 'ಸಾಧಾರಣ', 'ಹೊಳವು' ಎಂಬ ಮೂರು ಬಣ್ಣಗಳ ಪಟ್ಟಿ. ಪಟ್ಟಿಯ ಹಿಂದಿರುವ ಸೂತ್ರವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲವಾದರೂ ಮೂರು ನಾಲ್ಕು ಪತ್ರಗಳನ್ನು ಅಕ್ಕಪಕ್ಕ ಇಟ್ಟರೆ ಅದು ಗೊತ್ತಾಗುತ್ತದೆ: ಹಳದಿ ಬಣ್ಣದ ಹೊಳವಿನ ದಿನಗಳು ಇಪ್ಪತ್ತೇಳು ದಿನಗಳ ಅಂತರದಲ್ಲಿ ಮರಳಿ ಬರುತ್ತವೆ. ಭೂಮಿಯಿಂದ ನೋಡುವವರಿಗೆ ಸೂರ್ಯ ತನ್ನ ಸುತ್ತ ಒಂದು ಸುತ್ತು ತಿರುಗಲು ಬೇಕಾಗುವ ಕಾಲ ಸುಮಾರು ಅಷ್ಟೇ. ಒಂದು ಕಲೆಯ ಗುಂಪು ನಮ್ಮತ್ತ ತಿರುಗಿದಾಗ ಮಳೆ, ಮರೆಯಾದಾಗ ಹೊಳವು ಎಂಬ ಲೆಕ್ಕ ಇರಬೇಕು. ಜುಲೈ ತಿಂಗಳ ಪತ್ರದಲ್ಲಿ ಹಳದಿ ಬಣ್ಣ ಹಾಕಿದ ದಿನಗಳಲ್ಲೇ ನನ್ನ ಅಂಗಳದ ಮಳೆಮಾಪಕ ತುಂಬಿ ಹೊರಚೆಲ್ಲಿತ್ತು. ಎರಡನೆಯ ಮದ್ದಿಗೆ ಆ ದಿನಗಳನ್ನು ಗೊತ್ತುಮಾಡಿಕೊಂಡಿದ್ದ ನೆರೆಯ ತೋಟದವರು ಕಲಸಿಟ್ಟ ದ್ರಾವಣವನ್ನು ಡ್ರಮ್ಮಿನಲ್ಲೇ ಬಿಡಬೇಕಾಯಿತು. ಬೋರ್ಡೋ ದ್ರಾವಣ ಕಲಸಿದ ದಿನವೇ ಮುಗಿಯಬೇಕಾದದ್ದು, ಮರುದಿನಕ್ಕೆ ಅದು ಹಿಡಿಯುವುದಿಲ್ಲ ಎಂಬುದು ತೋಟ ಇರುವ ಎಲ್ಲರಿಗೂ ಗೊತ್ತು.

ಇದಕ್ಕಿಂತ ದೊಡ್ಡ ತಪ್ಪು ನಡೆದದ್ದು ಮುಂಗಾರಿನ ಪ್ರವೇಶದಲ್ಲಿ. ಸೂರ್ಯ ಗರಿಷ್ಠದಿಂದ ಇಳಿಯತೊಡಗಿರುವುದರಿಂದ ಮುಂಗಾರು ಜೂನ್ ಎರಡನೇ ವಾರಕ್ಕೆ ತಳ್ಳಿಹೋಗುತ್ತದೆ, ಮೊದಲ ಮದ್ದಿಗೆ ಅವಸರ ಬೇಡ ಎಂದು ಪುಸ್ತಿಕೆ ಹೇಳಿತ್ತು. ಮುಂಗಾರು ಕೇರಳಕ್ಕೆ ಬಂದದ್ದು ಮೇ 24ರಂದು, ವಾಡಿಕೆಯ ಜೂನ್ 1ಕ್ಕಿಂತ ಎಂಟು ದಿನ ಮೊದಲು. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲು. ಹವಾಮಾನ ಇಲಾಖೆ ಮೇ 27, ನಾಲ್ಕು ದಿನ ಹಿಂದೆ ಮುಂದೆ, ಎಂದು ಎರಡು ವಾರ ಮೊದಲೇ ತಿಳಿಸಿತ್ತು. ಇಡೀ ದೇಶದ ಮಳೆಗೆ ಸಂಬಂಧಿಸಿದಂತೆಯೂ ಇಲಾಖೆಯ ಏಪ್ರಿಲ್ ಅಂದಾಜು ಶೇಕಡಾ 105 ಇದ್ದರೆ, ಬಿದ್ದದ್ದು ಶೇಕಡಾ 108. ಇಲಾಖೆ ಎಂದೂ ತಪ್ಪಿಲ್ಲ ಎಂದು ನಾನು ಹೇಳುತ್ತಿಲ್ಲ; ಅದರ ತಪ್ಪುಗಳನ್ನು ಆಡಿಕೊಳ್ಳುವುದು ನಮ್ಮ ಕಡೆಯ ಹಳೆಯ ಮನರಂಜನೆ. ಆದರೆ ಅದು ತನ್ನ ಅಂದಾಜಿನ ಜೊತೆ ತಪ್ಪಬಹುದಾದ ಅಳತೆಯನ್ನೂ ಹೇಳುತ್ತದೆ. ಈ ಸೇವೆಯ ಪುಸ್ತಿಕೆಯ ಯಾವ ಪುಟದಲ್ಲೂ 'ಹೆಚ್ಚುಕಡಿಮೆ ಇಷ್ಟು' ಎಂಬ ಮಾತೇ ಇಲ್ಲ. ಇಲಾಖೆ 1988ರಲ್ಲಿ ಹದಿನಾರು ಸೂಚಕಗಳ ಮಾದರಿಯನ್ನು ಬಳಕೆಗೆ ತಂದಾಗಲೂ ಆ ಹದಿನಾರರಲ್ಲಿ ಸೌರಕಲೆಗೆ ಜಾಗ ಸಿಕ್ಕಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಮೇ ಕೊನೆಯ ಮಳೆಯ ಬಳಿಕ ಬಂದ ಮೊದಲ ಪತ್ರದಲ್ಲಿ ಈ ಬಗ್ಗೆ ಸಮಜಾಯಿಷಿ ಇರಬಹುದೆಂದು ಎದುರುನೋಡಿದ್ದೆ. ಇದ್ದದ್ದು ಹಳೆಯ ಯಶಸ್ಸೊಂದರ ಬಣ್ಣನೆ: 2024ರ ಮೇ 10 ಮತ್ತು 11ರಂದು ಸೂರ್ಯನ ಸಿಡಿತದಿಂದ ಭೂಮಿಯ ಕಾಂತಕ್ಷೇತ್ರ ಕದಡಿ ಎದ್ದ ಪ್ರಬಲ ಭೂಕಾಂತ ಬಿರುಗಾಳಿಗೆ ಲಡಾಖಿನ ಹಾನ್ಲೆಯ ಆಕಾಶ ಕೂಡ ಕೆಂಪೇರಿತ್ತು, ಅದೇ ತಿಂಗಳ ಕೊನೆಯಲ್ಲಿ ಕೇರಳಕ್ಕೆ ಜೋರು ಮಳೆ ಬಂತು, ಆದ್ದರಿಂದ ಮೊದಲನೆಯದು ಎರಡನೆಯದರ ಕಾರಣ ಎಂಬ ವಾದ. ಭೂಕಾಂತ ಬಿರುಗಾಳಿಯ ಕಾರುಬಾರೆಲ್ಲ ನಡೆಯುವುದು ಮಳೆಮೋಡಗಳಿಗಿಂತ ಎಷ್ಟೋ ಎತ್ತರದಲ್ಲಿ. ಉಪಗ್ರಹ, ರೇಡಿಯೋ, ವಿದ್ಯುತ್ ಜಾಲಗಳಿಗೆ ಅದರ ಬಾಧೆ ತಟ್ಟುತ್ತದೆ. ಮೇ ಕೊನೆಯಲ್ಲಿ ಕೇರಳಕ್ಕೆ ಮಳೆ ಬರುವುದಕ್ಕೆ ಸೂರ್ಯ ಸಿಡಿಯಬೇಕಾಗಿಲ್ಲ. ಮಳೆ ನಕ್ಷತ್ರಗಳ ನಮ್ಮ ಹಳೆಯ ಲೆಕ್ಕವೂ ಸೂರ್ಯನದೇ ಆದರೂ, ಅದು ಅವನು ಯಾವ ನಕ್ಷತ್ರದಲ್ಲಿದ್ದಾನೆ ಎಂಬ ಲೆಕ್ಕ, ಎಂದರೆ ವರ್ಷದ ಋತುವಿನ ಲೆಕ್ಕ. ಜೂನ್ ಮೂರನೇ ವಾರದ ಕೊನೆಗೆ ಸೂರ್ಯ ಆರಿದ್ರಾಕ್ಕೆ ಬರುತ್ತಾನೆ, ಆಗ ಮಳೆ ಆರದೆ ಹೊಯ್ಯುತ್ತದೆ ಎನ್ನುವವರು ಕನಿಷ್ಠ ಪಕ್ಷ ಸರಾಸರಿಯ ಮಟ್ಟಿಗೆ ಸರಿಯಾಗಿಯೇ ಹೇಳುತ್ತಾರೆ, ಚಂದಾ ಕೇಳುವುದಿಲ್ಲ.

ಇನ್ನು ಮಳೆಮಾಪಕ ಮತ್ತು ನೋಟು ಪುಸ್ತಕ. ಈ ಸೇವೆಯಲ್ಲಿ ಮನಸ್ಸು ಬಿಚ್ಚಿ ಹೊಗಳಬಹುದಾದದ್ದು ಇವೆರಡನ್ನೇ. ಮಾಪಕದ ಗೆರೆಗಳು ಬಿಸಿಲಿಗೆ ಅಳಿಸಿಹೋಗದಂತೆ ಉಬ್ಬಾಗಿ ಅಚ್ಚಾಗಿವೆ, ಒಳಗಿನ ಕೊಳವೆಯನ್ನು ತೆಗೆದು ತೊಳೆಯಬಹುದು, ಕಂಬಕ್ಕೆ ಕಟ್ಟಲು ಒಳ್ಳೆಯ ಪಟ್ಟಿ ಕೊಟ್ಟಿದ್ದಾರೆ. ಒಂದೇ ಕುಂದೆಂದರೆ ನಮ್ಮ ಜುಲೈ ಮಳೆಗೆ ಅದರ ಗಾತ್ರ ಸಾಲದು. ಇರುಳಿಡೀ ಹೊಯ್ದ ದಿನ ಮಲಗುವ ಮುನ್ನ ಒಮ್ಮೆ ಅಳೆದು ಚೆಲ್ಲಿ, ಬೆಳಿಗ್ಗೆ ಮತ್ತೆ ಅಳೆದು ಕೂಡಿಸಬೇಕು. ನೋಟು ಪುಸ್ತಕದಲ್ಲಿ ಬೆಳಗಿನ 8.30ರ ಅಳತೆಗೆ ಪ್ರತಿದಿನ ಒಂದು ಮನೆ, ಹಿಂದಿನ ಸಾಲಿನ ಅದೇ ದಿನಕ್ಕೆ ಪಕ್ಕದಲ್ಲಿ ಇನ್ನೊಂದು ಮನೆ ಇದೆ. ಹವಾಮಾನ ಇಲಾಖೆಯೂ ಅಳೆಯುವುದು ಅದೇ ಹೊತ್ತಿಗೆ, ಆದ್ದರಿಂದ ನಮ್ಮ ಅಂಕಿಯನ್ನು ಜಿಲ್ಲೆಯ ಅಂಕಿಯ ಜೊತೆ ನೇರವಾಗಿ ಹೋಲಿಸಬಹುದು. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ತಲೆಮಾರುಗಟ್ಟಲೆ ಮಳೆ ಬರೆದಿಟ್ಟ ಕಡತಗಳು ಉಂಟು. ಈ ಸೇವೆಯವರಿಗೆ ನಿಜವಾಗಿ ಸೂರ್ಯ ಮತ್ತು ಮಳೆಯ ನಂಟನ್ನು ಹುಡುಕುವ ಆಸಕ್ತಿ ಇದ್ದರೆ ಅಂಥ ಕಡತಗಳನ್ನು ಕೇಳಿ ಪಡೆದು, ಸರಾಸರಿಯ ನಯಗಾರಿಕೆ ಇಲ್ಲದೆ, ಐದಾರು ಸೌರಚಕ್ರಗಳ ಉದ್ದಕ್ಕೂ ತಾಳೆ ನೋಡಬೇಕಿತ್ತು. ಚಂದಾದಾರರು ಬರೆದ ಅಂಕಿಗಳನ್ನು ಅವರು ಮರಳಿ ಕೇಳುವುದೂ ಇಲ್ಲ ಎಂಬುದು ನನಗೆ ಅತ್ಯಂತ ವಿಚಿತ್ರವಾಗಿ ತೋರಿತು.

ಪರ್ಯಾಯಗಳು ಇಲ್ಲದಿಲ್ಲ, ಅವುಗಳಿಗೆ ಕಾಸೂ ಬೇಡ. ಇಲಾಖೆಯ ಐದು ದಿನಗಳ ಜಿಲ್ಲಾವಾರು ಮುನ್ಸೂಚನೆ ಮದ್ದಿನ ದಿನ ಆರಿಸಲು ಸಾಕಾಗುತ್ತದೆ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳ ಅರ್ಥವನ್ನು ತಿಳಿದಿದ್ದರೆ ಭಾಷೆಯ ತೊಡಕೂ ಅಷ್ಟು ಕಾಡುವುದಿಲ್ಲ: ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. 2019ರಲ್ಲಿ ಬಿಡುಗಡೆಯಾದ 'ಮೇಘದೂತ್' ಆ್ಯಪ್‌ನಲ್ಲಿ ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಕೃಷಿ ಸಲಹೆ ಬರುತ್ತದೆ. ಐದು ದಿನಕ್ಕಿಂತ ಆಚೆಗಿನ ಹೊಳವನ್ನು ತಾರೀಕು ಸಮೇತ ಹೇಳುವ ಯಾರನ್ನೂ, ಅವರು ಸೂರ್ಯನನ್ನು ತೋರಿಸಲಿ, ಕಂಪ್ಯೂಟರನ್ನು ತೋರಿಸಲಿ, ನೆಚ್ಚಿಕೊಂಡು ಕೆಲಸದವರಿಗೆ ಮುಂಗಡ ಕೊಡಬಾರದು.

ಒಟ್ಟಿನಲ್ಲಿ ಐದರಲ್ಲಿ ಎರಡು ಅಂಕ ಕೊಡುತ್ತೇನೆ, ಎರಡೂ ಮಳೆಮಾಪಕಕ್ಕೆ ಮತ್ತು ಕನ್ನಡಕ್ಕೆ. ಚಂದಾ ನವೀಕರಣದ ಕರೆ ಬಂದಾಗ ಮಾಪಕ ಮತ್ತು ನೋಟು ಪುಸ್ತಕವನ್ನಷ್ಟೇ ಕೊಡುತ್ತೀರಾ ಎಂದು ಕೇಳಿದೆ. 350 ರೂಪಾಯಿಗೆ ಬಿಡಿಯಾಗಿ ಕೊಡುತ್ತೇವೆ, ಆದರೆ ಜಾಹೀರಾತಿನಲ್ಲಿ ಅದನ್ನು ಹಾಕಿಲ್ಲ ಎಂದರು. ಕೇಳಿದವರಿಗೆ ಮಾತ್ರ ಸಿಗುತ್ತದೆ, ಆದ್ದರಿಂದ ಕೇಳಿ. ದೊಡ್ಡ ಮಾಪಕ ಇದೆಯೇ ಎಂದೂ ವಿಚಾರಿಸಿ, ಜುಲೈಗೆ ಅದು ಬೇಕಾಗುತ್ತದೆ.